‘ನಾಗವಲ್ಲಿ ಶಾಪ’ದಿಂದಲೇ ಸೌಂದರ್ಯ, ವಿಷ್ಣುವರ್ಧನ್ ತೀರಿಕೊಂಡರು ಅಂತಾರಲ್ಲ, ನಿಜವಾ?

ನೀವು ಕೇಳಿರುವುದು ಇಷ್ಟು: ನಾಗವಲ್ಲಿ ಅನ್ನುವ ನರ್ತಕಿಯ ಕಥೆ ಇರುವ ಆಪ್ತಮಿತ್ರ ಮಾಡಿದ ಸೌಂದರ್ಯ ಹೋದರು, ಅದರ ಮುಂದಿನ ಭಾಗ ಆಪ್ತರಕ್ಷಕ ಮಾಡಿದ ವಿಷ್ಣುವರ್ಧನ್ ಹೋದರು, ಎರಡೂ ಸಿನಿಮಾ ಅವರು ಹೋದಮೇಲೇ ಬಿಡುಗಡೆ ಆದವು, ಇದು ಕಾಕತಾಳೀಯ ಹೇಗಾಗುತ್ತೆ? ಟಿವಿಯಲ್ಲಿ ಆ ಸಿನಿಮಾ ಬಂದರೆ ನಿಮ್ಮ ಅಮ್ಮ ಚಾನೆಲ್ ಬದಲಾಯಿಸುತ್ತಾರೆ ಅಂತಲೂ, ಅಪ್ಪು (ಪುನೀತ್ ರಾಜ್‌ಕುಮಾರ್) ವಿಷಯದಲ್ಲೂ ಏನೇನೋ ಕೇಳಿದ್ದೀರಿ ಅಂತಲೂ ಬರೆದಿದ್ದೀರಿ.

ಶಾಪ ಇಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಅಮ್ಮನ ಭಯ ಎಂಥದು ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲಿ ಒಂದು ಸಾವಾದಾಗ ಇಂಥದೇ ಮಾತು ಹುಟ್ಟಿತ್ತು, ಅದರ ಪೆಟ್ಟು ಯಾರ ಮೇಲೆ ಬಿತ್ತು ಅಂತ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸೌಂದರ್ಯ ಅವರ ವಿಷಯ. 2004ರ ಏಪ್ರಿಲ್ 17, ಶನಿವಾರ. ಲೋಕಸಭೆ ಚುನಾವಣೆಯ ಸಮಯ. ಬಿಜೆಪಿ ಪರ ಪ್ರಚಾರಕ್ಕೆ ಅವರು ಕರೀಂನಗರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನಿಂದ ಹಾರಿದ್ದು ಒಂದೇ ಎಂಜಿನ್ನಿನ ಸಣ್ಣ ಸೆಸ್ನಾ ವಿಮಾನ. ಮೇಲೇರಿದ ಸ್ವಲ್ಪ ಹೊತ್ತಿಗೇ ಪಕ್ಕದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಹೊತ್ತಿಕೊಂಡಿತು. ಅದರಲ್ಲಿ ನಾಲ್ಕು ಜನ ಇದ್ದರು: ಸೌಂದರ್ಯ, ಅವರ ಅಣ್ಣ ಅಮರನಾಥ್, ಪೈಲಟ್, ಜೊತೆಗೆ ಹೊರಟಿದ್ದ ಇನ್ನೊಬ್ಬರು. ನಾಲ್ವರೂ ಉಳಿಯಲಿಲ್ಲ. ನಾಗವಲ್ಲಿ ಶಾಪದ ಕಥೆ ಹೇಳುವವರ ಬಾಯಲ್ಲಿ ಉಳಿದ ಆ ಮೂವರ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ. ಪೈಲಟ್ ಯಾವ ಸಿನಿಮಾದಲ್ಲಿ ನಟಿಸಿದ್ದರು? ಅವರ ಮನೆಯಲ್ಲೂ ಅವತ್ತು ಒಲೆ ಹಚ್ಚಿರಲಿಕ್ಕಿಲ್ಲ.

ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರ ನಸುಕಿನಲ್ಲಿ, ಮೈಸೂರಿನಲ್ಲಿ, ಹೃದಯಾಘಾತದಿಂದ. 59 ವರ್ಷ. ಐದೂವರೆ ವರ್ಷಗಳ ಅಂತರದಲ್ಲಿ ಒಂದು ವಿಮಾನ ಅಪಘಾತ, ಒಂದು ಹೃದಯಾಘಾತ. ಈ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಸಿನಿಮಾದ ಹೆಸರು ಮಾತ್ರ.

ಅವರು ಹೋದಮೇಲೇ ಸಿನಿಮಾ ಬಂತಲ್ಲ ಅಂತ ಕೇಳಿದ್ದೀರಿ. ಕೈತುಂಬ ಕೆಲಸ ಇರುವ ನಟ ನಟಿಯರು ನಡುವಯಸ್ಸಿನಲ್ಲಿ ಹೋದಾಗ ಯಾವುದಾದರೊಂದು ಚಿತ್ರ ಡಬ್ಬಿಂಗಿನಲ್ಲೋ ಎಡಿಟಿಂಗಿನಲ್ಲೋ ಉಳಿದೇ ಇರುತ್ತದೆ. ಪುನೀತ್ ಅವರ ಜೇಮ್ಸ್ ಬಂದದ್ದು ಅವರು ಹೋದಮೇಲೆ, 2022ರ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬದ ದಿನ. ಅಲ್ಲಿ ಯಾವ ನಾಗವಲ್ಲಿ ಇದ್ದಳು?

ಇನ್ನು ಲೆಕ್ಕ ಹಾಕೋಣ. ಈ ಕಥೆ ಹುಟ್ಟಿದ್ದು ಮಲಯಾಳಂನಲ್ಲಿ, 1993ರ ಮಣಿಚಿತ್ರತ್ತಾಳ್ ಚಿತ್ರದಲ್ಲಿ. ಆ ಪಾತ್ರ ಮಾಡಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು, 2025ರಲ್ಲಿ ಪದ್ಮಭೂಷಣವೂ ಬಂತು, ಇವತ್ತಿಗೂ ನೃತ್ಯ ಮಾಡುತ್ತಿದ್ದಾರೆ. ತಮಿಳಿನ ಚಂದ್ರಮುಖಿಯಲ್ಲಿ ರಜನಿಕಾಂತ್, ಜ್ಯೋತಿಕಾ. ಹಿಂದಿಯ ಭೂಲ್ ಭುಲಯ್ಯಾದಲ್ಲಿ ವಿದ್ಯಾ ಬಾಲನ್, ಅವರಂತೂ 2024ರಲ್ಲಿ ಅದರ ಮೂರನೇ ಭಾಗದಲ್ಲೂ ನಟಿಸಿದರು. ತೆಲುಗಿನಲ್ಲಿ ಅನುಷ್ಕಾ, ವೆಂಕಟೇಶ್. ನಮ್ಮ ಆಪ್ತರಕ್ಷಕದಲ್ಲೇ ನಾಗವಲ್ಲಿಯಾಗಿ ಕುಣಿದವರು ವಿಮಲಾ ರಾಮನ್. ಆಪ್ತಮಿತ್ರದ ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ನಮ್ಮ ಕಣ್ಣಮುಂದೆಯೇ ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ನಿರ್ದೇಶಕ ಪಿ. ವಾಸು ಈ ಕಥೆಯ ಸುತ್ತ ಮೂರು ಭಾಷೆಯಲ್ಲಿ ಐದು ಸಿನಿಮಾ ಮಾಡಿದ್ದಾರೆ, ಕೊನೆಯದು 2023ರ ಚಂದ್ರಮುಖಿ 2. ಶಾಪ ಅನ್ನುವುದು ಇದ್ದಿದ್ದರೆ ಮೊದಲು ಅವರ ಮನೆ ಬಾಗಿಲು ತಟ್ಟಬೇಕಿತ್ತು.

ಈಗ ಒಂದು ವಿಷಯ ಹೇಳುತ್ತೇನೆ, ನಿಮ್ಮ ಮನಸ್ಸಿನಲ್ಲಿ ಏನಾಗುತ್ತದೆ ಅಂತ ನೀವೇ ಗಮನಿಸಿ. ಆಪ್ತಮಿತ್ರದ ನಿರ್ಮಾಪಕ ದ್ವಾರಕೀಶ್. ಅವರು ತೀರಿಕೊಂಡದ್ದು 2024ರ ಏಪ್ರಿಲ್ 16ಕ್ಕೆ. ಅದರ ಮರುದಿನಕ್ಕೆ ಸೌಂದರ್ಯ ಹೋಗಿ ಸರಿಯಾಗಿ ಇಪ್ಪತ್ತು ವರ್ಷ.

ಮೈ ಜುಮ್ ಅಂತಲ್ಲವೇ? ನನಗೂ ಆಗಿತ್ತು. ಆದರೆ ದ್ವಾರಕೀಶ್ ಅವರಿಗೆ ಆಗ 81 ವರ್ಷ. ಸಾಲದಲ್ಲಿ ಮುಳುಗಿದ್ದ ಅವರನ್ನು ಮತ್ತೆ ಎದ್ದು ನಿಲ್ಲಿಸಿದ್ದೇ ಆಪ್ತಮಿತ್ರ. ದಿನಾಂಕ ಹೇಳಿ ವಯಸ್ಸು ಮುಚ್ಚಿಟ್ಟರೆ ಎಂಥ ಸಾವನ್ನಾದರೂ ಶಾಪ ಮಾಡಬಹುದು. ಮಣಿಚಿತ್ರತ್ತಾಳ್ ತಂಡದಲ್ಲೂ ಈ ಮೂವತ್ತು ವರ್ಷದಲ್ಲಿ ತಿಲಕನ್, ನೆಡುಮುಡಿ ವೇಣು, ಇನ್ನೊಸೆಂಟ್ ಹೋದರು. ಬೇಕೆಂದವರು ಅವರನ್ನೂ ಪಟ್ಟಿಗೆ ಸೇರಿಸಬಹುದು.

ನನಗೆ ತುಂಬಾ ನೋವು ಕೊಡುವ ಸಂಗತಿ ಬೇರೆ ಇದೆ. ಆಪ್ತಮಿತ್ರದಲ್ಲಿ ದೆವ್ವವೇ ಇಲ್ಲ! ಸೌಂದರ್ಯ ಮಾಡಿದ ಗಂಗಾ ಪಾತ್ರಕ್ಕೆ ಇರುವುದು ಮನಸ್ಸಿನ ಕಾಯಿಲೆ ಅಂತ ಕಂಡುಹಿಡಿಯುವ ಡಾಕ್ಟರ್ ಪಾತ್ರವೇ ವಿಷ್ಣುವರ್ಧನ್ ಅವರದು. ಕಾಯಿಲೆ ಬಂದ ಹೆಣ್ಣುಮಗಳನ್ನು ದೆವ್ವ ಹಿಡಿದವಳು ಅಂತ ದೂರ ಇಡಬೇಡಿ ಅಂತ ಹೇಳಲು ಸಿನಿಮಾ ಒದ್ದಾಡುತ್ತದೆ. ನಾವು ನೋಡಿದೆವು, ಚಪ್ಪಾಳೆ ತಟ್ಟಿದೆವು, ಬರುವಾಗ ದೆವ್ವವನ್ನು ಮನೆಗೆ ಕರೆದುಕೊಂಡು ಬಂದೆವು.

ನಮ್ಮ ಮನೆಯ ಕಥೆ ಹೇಳುತ್ತೇನೆ ಅಂದಿದ್ದೆ. ನಮ್ಮದು ತುಮಕೂರು. 2018ರಲ್ಲಿ ನಮ್ಮಣ್ಣ ಹೋದ, 41 ವರ್ಷಕ್ಕೆ. ಭಾನುವಾರ ರಾತ್ರಿ ಊಟ ಆದಮೇಲೆ ಎದೆ ಹಿಡಿದ ಹಾಗಾಗುತ್ತೆ ಅಂದ. ಗ್ಯಾಸ್ಟ್ರಿಕ್ ಇರಬೇಕು ಅಂತ ಅವನೇ ಒಂದು ಮಾತ್ರೆ ನುಂಗಿದ, ಅತ್ತಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ಹನ್ನೆರಡು ಗಂಟೆಗೆ ಇನ್ನೊಂದು ಮಾತ್ರೆ. ಆಸ್ಪತ್ರೆಗೆ ಹೋಗೋಣ ಅಂತ ಅತ್ತಿಗೆ ಎರಡು ಸಲ ಕೇಳಿದ್ದಾರೆ, ಬೆಳಿಗ್ಗೆ ನೋಡೋಣ ಬಿಡು ಅಂದಿದ್ದಾನೆ. ಬೆಳಿಗ್ಗೆ ಆಗಲೇ ಇಲ್ಲ.

ಪಂಚಾಂಗ ನೋಡಿದ ಪುರೋಹಿತರು ಧನಿಷ್ಠಾ ಪಂಚಕದಲ್ಲಿ ಸಾವಾಗಿದೆ, ಆರು ತಿಂಗಳು ಮನೆ ಬಿಡಬೇಕು ಅಂದರು. ಗೃಹಪ್ರವೇಶ ಆಗಿ ಒಂದು ವರ್ಷ ಆಗಿರಲಿಲ್ಲ. ಹದಿಮೂರನೇ ದಿನ ವೈಕುಂಠ ಸಮಾರಾಧನೆ ಮುಗಿದಮೇಲೆ ನಾನೇ ಬೀಗ ಹಾಕಿದೆ. ಅತ್ತಿಗೆ ಎರಡು ಬ್ಯಾಗು, ಮೂರನೇ ಕ್ಲಾಸಿನ ಮಗಳು, ಇಷ್ಟು ಹಿಡಿದುಕೊಂಡು ಗುಬ್ಬಿಯ ತವರಿಗೆ ಹೋದರು. ಮಗಳ ಶಾಲೆಯ ಪುಸ್ತಕ ಒಳಗೇ ಉಳಿದುಬಿಟ್ಟಿತ್ತು. ಬೀಗ ತೆಗೆಯುವ ಹಾಗಿಲ್ಲ ಅಂತ ದೊಡ್ಡವರು ಪಟ್ಟು ಹಿಡಿದಿದ್ದಕ್ಕೆ ಹೊಸ ಪುಸ್ತಕ ತಂದುಕೊಟ್ಟೆ.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ನಮ್ಮ ಚಿಕ್ಕಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವಳ ಕಾಲ್ಗುಣ ಕಣೋ. ಮೊದಲು ಮಾವ ಹೋದ್ರು, ಆಮೇಲೆ ಗಂಡ," ಅಂದರು. ಮಾವ ಅಂದರೆ ನಮ್ಮಪ್ಪ. ಅಪ್ಪ ಹೋದದ್ದು 52ನೇ ವಯಸ್ಸಿಗೆ, ಅವರೂ ಎದೆನೋವಿನಿಂದಲೇ. ಅಪ್ಪನಿಗೂ ಮಗನಿಗೂ ಒಂದೇ ಥರ ಎದೆನೋವು ಬಂದದ್ದು ಚಿಕ್ಕಮ್ಮನ ಕಣ್ಣಮುಂದೆಯೇ ಇತ್ತು. ಅವರು ನೋಡಿದ್ದು ಸೊಸೆಯ ಕಾಲನ್ನು.

ಅವತ್ತಿನಿಂದ ಪ್ರಸಿದ್ಧರ ಸಾವಿನ ಸುದ್ದಿ ಬಂದಾಗಲೆಲ್ಲ ನಾನು ಹುಡುಕುವುದು ಒಂದನ್ನೇ: ಈ ಸಲ ಯಾರ ತಲೆಗೆ ಕಟ್ಟುತ್ತಾರೆ? ಮಾತು ಸತ್ತವರ ಬಗ್ಗೆ ಶುರುವಾಗುತ್ತದೆ, ಬಂದು ಬೀಳುವುದು ಬದುಕಿರುವವರ ಮೇಲೆ. 2020ರಲ್ಲಿ ಮುಂಬೈಯಲ್ಲಿ ಸುಶಾಂತ್ ಸಿಂಗ್ ರಜಪೂತ್ ಹೋದಾಗ ಅವರ ಗೆಳತಿ ರಿಯಾ ಚಕ್ರವರ್ತಿ ಮಾಟಮಂತ್ರ ಮಾಡಿಸಿದ್ದಳು ಅಂತ ಟಿವಿಯಲ್ಲಿ ಕೂತು ಚರ್ಚೆ ಮಾಡಿದರು. ಬೇರೊಂದು ಕೇಸಿನಲ್ಲಿ ಆಕೆ ಸುಮಾರು ಒಂದು ತಿಂಗಳು ಜೈಲಿನಲ್ಲೂ ಇದ್ದರು. 2025ರಲ್ಲಿ ಸಿಬಿಐ ತನಿಖೆ ಮುಗಿಸಿ, ಸಾವಿನಲ್ಲಿ ಯಾರ ಕೈವಾಡವೂ ಕಂಡಿಲ್ಲ ಅಂತ ವರದಿ ಕೊಟ್ಟಿತು. ಮಾಟದ ಮಾತಾಡಿದವರಲ್ಲಿ ಎಷ್ಟು ಜನ ಆಮೇಲೆ ಕ್ಷಮೆ ಕೇಳಿದರು? ನಟ ಚಿರಂಜೀವಿ ಸರ್ಜಾ 35ಕ್ಕೇ ಹೋದಾಗ ಅವರ ಪತ್ನಿ ಮೇಘನಾ ಗರ್ಭಿಣಿಯಾಗಿದ್ದಾಗಲೇ ಗಂಡನ ಹೆಸರಿಗೆ ಅಂಟಿಸಿದ ಗಾಳಿಮಾತಿನ ವಿರುದ್ಧ ದೂರು ಹೇಳಿಕೊಳ್ಳಬೇಕಾಯಿತು. ಸೌಂದರ್ಯ ಅವರ ವಿಷಯವೂ ಅಷ್ಟೇ. 21 ವರ್ಷ ಆಗುತ್ತಾ ಬಂದಿದ್ದಾಗ, 2025ರ ಮಾರ್ಚಿನಲ್ಲಿ, ತೆಲಂಗಾಣದ ಖಮ್ಮಂನಲ್ಲಿ ಯಾರೋ ಒಬ್ಬರು ಅದು ಅಪಘಾತ ಅಲ್ಲ, ಕೊಲೆ ಅಂತ ದೂರು ಕೊಟ್ಟರು. ಇದಕ್ಕೆಲ್ಲ ಆಧಾರವಿಲ್ಲ ಅಂತ ಅವರ ಪತಿ ಪತ್ರ ಬರೆಯಬೇಕಾಯಿತು. ಹೆಂಡತಿಯನ್ನು ಕಳೆದುಕೊಂಡು ಎರಡು ದಶಕ ಆದಮೇಲೂ.

ಅಪ್ಪು ಹೋದ ದಿನ, 2021ರ ಅಕ್ಟೋಬರ್ 29, ಶುಕ್ರವಾರ, ನಾನು ಅತ್ತಿಗೆ ಮನೆಯಲ್ಲಿದ್ದೆ. ಅಪ್ಪುಗೆ 46 ವರ್ಷ. ಬೆಳಿಗ್ಗೆ ತಾನೇ ಭಜರಂಗಿ 2 ತಂಡಕ್ಕೆ ಶುಭಾಶಯ ಹೇಳಿದ್ದ ಮನುಷ್ಯ. ಸಂಜೆಗೆಲ್ಲ ಜಿಮ್ಮಿಂದ ಆಯಿತು, ಕೋವಿಡ್ ಲಸಿಕೆಯಿಂದ ಆಯಿತು, ಜನರ ಕಣ್ಣು ಬಿತ್ತು, ಡಾಕ್ಟರ್ ತಡ ಮಾಡಿದರು ಅಂತ ಒಬ್ಬೊಬ್ಬರದು ಒಂದೊಂದು ಮಾತು. ಅವರು ಮೊದಲು ಹೋಗಿದ್ದ ಕುಟುಂಬದ ವೈದ್ಯರಿಗೆ ಪೊಲೀಸ್ ರಕ್ಷಣೆ ಕೊಡಬೇಕಾದ ಸ್ಥಿತಿ ಬಂತು. ಮನೆಯಿಂದ ಹೊರಟ ಕೊನೆಯ ಸಿಸಿಟಿವಿ ದೃಶ್ಯವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಅವರ ಹೆಂಡ್ತಿಗೆ ಯಾರಾದ್ರೂ ಟಿವಿ ಹಾಕಬೇಡಿ ಅಂತ ಹೇಳಿರ್ತಾರೆ ಅಲ್ವಾ?" ಅಂತ ಕೇಳಿದರು. ನಾನು ರಿಮೋಟ್ ತೆಗೆದುಕೊಂಡು ಆಫ್ ಮಾಡಿದೆ.

ಲಸಿಕೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೇಶದ 47 ಆಸ್ಪತ್ರೆಗಳಲ್ಲಿ ಇದನ್ನೇ ಅಧ್ಯಯನ ಮಾಡಿತು. ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವರ್ಷದ 729 ಜನರನ್ನು, ಬದುಕಿದ್ದ 2916 ಜನರ ಜೊತೆ ಹೋಲಿಸಿ ನೋಡಿತು. 2023ರಲ್ಲಿ ಫಲಿತಾಂಶ ಬಂತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಕುಟುಂಬದಲ್ಲಿ ಹಿಂದೆ ಆಗಿದ್ದ ಹಠಾತ್ ಸಾವು, ಕೋವಿಡ್‌ಗಾಗಿ ಆಸ್ಪತ್ರೆಗೆ ಸೇರಿದ್ದು, ಸಾವಿಗೆ ಹಿಂದಿನ ಎರಡು ದಿನದಲ್ಲಿ ವಿಪರೀತ ಕುಡಿತ ಅಥವಾ ಮೈಮೀರಿದ ದೈಹಿಕ ಶ್ರಮ. ಕುಟುಂಬದಲ್ಲಿ ಆಗಿದ್ದ ಸಾವು ಅನ್ನುವಲ್ಲಿ ನಾನು ಓದು ನಿಲ್ಲಿಸಿ ಅಪ್ಪನ ಫೋಟೋ ನೋಡಿದೆ. ಅಪ್ಪು ಅವರ ತಂದೆ ಡಾ. ರಾಜ್‌ಕುಮಾರ್ ಅವರೂ 2006ರಲ್ಲಿ ಹೋದದ್ದು ಹೃದಯ ನಿಂತೇ.

ಎಲ್ಲ ನಂಬಿಕೆಯನ್ನೂ ನಾನು ಬೈಯುವುದಿಲ್ಲ. ಚಿರು ಹೋಗಿ ನಾಲ್ಕೂವರೆ ತಿಂಗಳಿಗೆ ಮಗ ಹುಟ್ಟಿದಾಗ ಚಿರುನೇ ವಾಪಸ್ ಬಂದ ಅಂತ ಜನ ಅತ್ತರು. ಅದರಿಂದ ಯಾರಿಗೂ ಏಟು ಬೀಳಲಿಲ್ಲ, ಒಬ್ಬ ತಾಯಿಗೆ ಒಂದಿಷ್ಟು ಸಮಾಧಾನ ಸಿಕ್ಕಿರಬಹುದು. ಅಪ್ಪು ಹೋದಮೇಲೆ ಅಭಿಮಾನಿಗಳು ಮಾಡಿದ್ದು ಬರೀ ಊಹಾಪೋಹ ಅಲ್ಲ. ಅಪ್ಪು ಅವರ ಎರಡು ಕಣ್ಣಿನ ಪಾರದರ್ಶಕ ಪಟಲದ (ಕಾರ್ನಿಯಾ) ಪದರಗಳನ್ನು ಬಿಡಿಸಿ, ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ಅದನ್ನು ಕೇಳಿ ಅಭಿಮಾನಿಗಳು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಎದೆ ತೋರಿಸಿಕೊಳ್ಳಲು ಜನ ಮುಗಿಬಿದ್ದರು. ಹೆದರಿ ಬಂದವರೇ ಹೆಚ್ಚು, ಆದರೂ ಬಂದರು. ಅತ್ತಿಗೆ ನನ್ನನ್ನೂ ಬಿಡಲಿಲ್ಲ. ಮುಂದಿನ ವಾರವೇ ತುಮಕೂರಿನಲ್ಲಿ ಇಸಿಜಿ, ಕೊಲೆಸ್ಟ್ರಾಲ್ ಎರಡೂ ಮಾಡಿಸಿದರು. ಕೊಲೆಸ್ಟ್ರಾಲ್ ಜಾಸ್ತಿ ಇತ್ತು, ಅವತ್ತಿನಿಂದ ಮಾತ್ರೆ ತಗೋತಿದ್ದೇನೆ.

ನಿಮ್ಮ ಅಮ್ಮನಿಗೆ ಮೂಢನಂಬಿಕೆ ಅಂತ ಬೈದು ಹೇಳಬೇಡಿ. ಇನ್ನೊಮ್ಮೆ ಆಪ್ತಮಿತ್ರ ಬಂದಾಗ ಪಕ್ಕದಲ್ಲಿ ಕೂತು, ಡಾಕ್ಟರ್ ವಿವರಿಸುವ ಭಾಗ ಮಾತ್ರ ಒಮ್ಮೆ ಜೊತೆಯಲ್ಲಿ ನೋಡಿ. ಹಾಗೇ ಮಾತಿನ ನಡುವೆ, ನಮ್ಮ ಕಡೆ ಚಿಕ್ಕ ವಯಸ್ಸಿಗೆ ಎದೆನೋವಿಂದ ಹೋದವರು ಯಾರಾದರೂ ಇದ್ದಾರಾ ಅಂತ ಕೇಳಿ. ಇದ್ದಾರೆ ಅಂದರೆ ನೀವೂ ಒಂದು ಸಲ ತೋರಿಸಿಕೊಳ್ಳಿ.

ಆರು ತಿಂಗಳಾದಮೇಲೆ ಬೀಗ ತೆಗೆದು ಒಳಗೆ ಹೋದಾಗ ಫ್ರಿಜ್ ಮೇಲೆ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ ಇಟ್ಟ ಜಾಗದಲ್ಲೇ ಇತ್ತು, ಧೂಳು ಕೂತು. ಎರಡು ಗುಳಿ ಖಾಲಿ, ಎಂಟು ಮಾತ್ರೆ ಹಾಗೇ ಇತ್ತು. ಎಸೆಯಲು ಹೋದೆ, ಅತ್ತಿಗೆ ಬೇಡ ಅಂದರು. ಹೋದ ವರ್ಷ, ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಯಾವುದೋ ಮದುವೆಮನೆಯಲ್ಲಿ ಯಾರೋ ಆಡಿದ್ದನ್ನು ಕೇಳಿಸಿಕೊಂಡು ಬಂದು, "ಅಮ್ಮ, ಅಪ್ಪ ನಿನ್ನ ಕಾಲ್ಗುಣದಿಂದ ಹೋದ್ರಂತೆ, ಹೌದಾ?" ಅಂತ ಕೇಳಿದಳು. ಅತ್ತಿಗೆ ಅಳಲಿಲ್ಲ. ಬೀರುವಿನಿಂದ ಆ ಪಟ್ಟಿ ತೆಗೆದು, ನಮ್ಮಪ್ಪನ ಹಳೆಯ ಇಸಿಜಿ ಕಾಗದವನ್ನೂ ಹುಡುಕಿ ತಂದು, ಎರಡನ್ನೂ ಅವಳ ಮುಂದೆ ಇಟ್ಟು ಆ ರಾತ್ರಿ ಏನೇನಾಯಿತು ಅಂತ ಮೊದಲಿನಿಂದ ಹೇಳಿದರು.