ಚೈನ್‌ಸಾ ಹಿಡಿಯ ಲಾಕ್ ಮುರಿದಿದೆ, ಚೋಕ್ ಲಿವರ್ ತುಂಡಾಗಿದೆ ಎಂದವರಿಗೆ ಉತ್ತರ

ನೀವು ಕೇಳಿದ್ದು ಎರಡು ವಿಷಯ. ಹಿಂದಿನ ಹಿಡಿಯ ಮೇಲೆ ಅಂಗೈಯಿಂದ ಒತ್ತುವ ಲಾಕ್ ಮುರಿದಿದೆ, ಚೋಕ್ ಲಿವರಿನ (ತಣ್ಣಗಿರುವ ಎಂಜಿನ್ ಚಾಲೂ ಮಾಡಲು ಒಳಗೆ ಹೋಗುವ ಗಾಳಿಯನ್ನು ತಡೆಯುವ ಲಿವರ್) ತುದಿಯೂ ಹೋಗಿದೆ. ಎಂಜಿನ್ ಚೆನ್ನಾಗಿರುವುದರಿಂದ ಎರಡನ್ನೂ ಅಂಟಿಸಿ ಕೆಲಸ ಮುಂದುವರಿಸಬಹುದೇ ಎಂಬುದು ಪ್ರಶ್ನೆ. ಲಾಕನ್ನು ತಂತಿ ಸುತ್ತಿ ಒತ್ತಿಯೇ ಇಟ್ಟುಬಿಡಿ ಎಂದು ಮೇಲೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ.

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಕ್ಲಚ್ ಹಿಡಿಯದ ಕಾರಣ ಚೈನ್ ನಿಂತಿರುತ್ತದೆ. ಟ್ರಿಗರ್ ಎಳೆದು ವೇಗ ಹೆಚ್ಚಿದೊಡನೆ ಕ್ಲಚ್ ಹಿಡಿದು ಚೈನ್ ಓಡುತ್ತದೆ. ಮರದಿಂದ ಮರಕ್ಕೆ ಹೋಗುವಾಗ ಒಂದು ಕಡ್ಡಿಯೋ ಅಂಗಿಯ ಅಂಚೋ ಟ್ರಿಗರಿಗೆ ಸಿಕ್ಕಿಕೊಂಡರೂ ಚೈನ್ ಓಡಬಾರದು ಎಂದೇ ಆ ಲಾಕ್ ಇದೆ: ಅಂಗೈ ಹಿಡಿಯನ್ನು ಸರಿಯಾಗಿ ಹಿಡಿದಿದ್ದರೆ ಮಾತ್ರ ಟ್ರಿಗರ್ ಅಲುಗುತ್ತದೆ. ತಂತಿ ಕಟ್ಟಿದರೆ ಆ ರಕ್ಷಣೆ ಪೂರ್ತಿ ಹೋಯಿತು.

ಯಾವ ಭಾಗವನ್ನು ರಿಪೇರಿ ಮಾಡಬಹುದು, ಯಾವುದನ್ನು ಬದಲಿಸಲೇಬೇಕು ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ರಿಪೇರಿಯಾದ ಭಾಗ ಕೊಯ್ಯುವಾಗಲೇ ಮತ್ತೆ ಮುರಿದರೆ ಚೈನನ್ನು ನಿಲ್ಲಿಸುವ ದಾರಿ ತಪ್ಪುತ್ತದೆಯೇ? ತಪ್ಪುತ್ತದೆ ಎಂದಾದರೆ ಅಂಟು, ತಂತಿ, ಟೇಪು ಯಾವುದೂ ಬೇಡ. ಟ್ರಿಗರ್, ಅದರ ಲಾಕ್, ಸ್ಟಾಪ್ ಸ್ವಿಚ್ ಎಲ್ಲವೂ ಈ ಗುಂಪಿನವು. ಮುಂದಿನ ಹಿಡಿಯ ಎದುರಿಗಿರುವ ಅಗಲವಾದ ಕಾಪೂ ಇದೇ ಗುಂಪಿನದು. ನೋಡಲು ಕೈಗೆ ಅಡ್ಡವಿಟ್ಟ ತಟ್ಟೆಯಂತಿದ್ದರೂ ಅದೇ ಚೈನ್ ಬ್ರೇಕಿನ ಲಿವರ್. ಯಂತ್ರ ಹಿಂದಕ್ಕೆ ಒದ್ದಾಗ ಬ್ರೇಕ್ ಬೀಳುವುದು ಅದರಿಂದಲೇ. ಅದರಲ್ಲಿ ಕೂದಲೆಳೆಯ ಬಿರುಕು ಕಂಡರೂ ಹೊಸದನ್ನೇ ಹಾಕಿ.

ಚೋಕ್ ಲಿವರ್ ಬರೀ ಚೋಕಿನದ್ದಾದರೆ ರಿಪೇರಿಗೆ ನನ್ನ ಅಡ್ಡಿಯಿಲ್ಲ; ಮುರಿದರೆ ಎಂಜಿನ್ ಚಾಲೂ ಮಾಡಲು ಕಷ್ಟವಾಗಬಹುದು, ಅಷ್ಟೇ. ಆದರೆ ಹಲವು ಯಂತ್ರಗಳಲ್ಲಿ ಚೋಕ್, ಓಟ, ಸ್ಟಾಪ್ ಮೂರಕ್ಕೂ ಒಂದೇ ಲಿವರ್ ಇರುತ್ತದೆ. ಸಾಮಾನ್ಯವಾಗಿ ಸ್ಟಾಪ್ ಸ್ವಿಚ್ ಕೈಕೊಟ್ಟರೆ ಚೋಕ್ ಪೂರ್ತಿ ಹಾಕಿದರೆ ಸಾಕು, ಪೆಟ್ರೋಲ್ ಅತಿಯಾಗಿ ಎಂಜಿನ್ ತಾನೇ ಆರುತ್ತದೆ. ಒಂದೇ ಲಿವರಿನ ಯಂತ್ರದಲ್ಲಿ ಅದು ಮುರಿದರೆ ಈ ಎರಡೂ ದಾರಿಗಳು ಒಟ್ಟಿಗೇ ಮುಚ್ಚಿಹೋಗುತ್ತವೆ. ನಿಮ್ಮದು ಅಂಥದ್ದಾದರೆ ಬದಲಿಸಿ.

ಇನ್ನು ಅಂಟಿನ ವಿಷಯ. ಇಂಥ ಭಾಗಗಳು ಹೆಚ್ಚಾಗಿ ನೈಲಾನ್‌ಗೆ ಗಾಜಿನ ಎಳೆ ಸೇರಿಸಿ ಎರಕ ಹೊಯ್ದವು. ನೈಲಾನಿಗೆ ಅಂಟು ಸರಿಯಾಗಿ ಕಚ್ಚುವುದಿಲ್ಲ. ಎಪಾಕ್ಸಿ ಗಟ್ಟಿಯಾದಂತೆ ಕಂಡರೂ ಸ್ವಲ್ಪ ಬಾಗಿಸಿದರೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಮೇಲೆ ಎಣ್ಣೆ ಹೀರಿದ್ದರೆ ಕೇಳುವುದೇ ಬೇಡ. ಸಾಲ್ಡರಿಂಗ್ ಕಬ್ಬಿಣದಿಂದ ಕರಗಿಸಿ ಕೂಡಿಸಿದರೆ ಅಂಟಿಗಿಂತ ವಾಸಿ, ಆದರೂ ಗಾಜಿನ ಎಳೆಗಳು ಬೆಸುಗೆಯನ್ನು ದಾಟಿ ಹೋಗುವುದಿಲ್ಲವಾದ್ದರಿಂದ ಮೊದಲಿನ ಬಲ ಬರುವುದಿಲ್ಲ. ಚೋಕ್ ಲಿವರಿನ ತುದಿಗೆ ತೆಳುವಾದ ಲೋಹದ ಪಟ್ಟಿ ಇಟ್ಟು ಸಣ್ಣ ಸ್ಕ್ರೂ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಬಿಸಿ ಮಾಡುವ ಕೆಲಸವನ್ನು ಭಾಗ ಬಿಚ್ಚಿಕೊಂಡು, ಪೆಟ್ರೋಲಿನಿಂದ ದೂರ ಕುಳಿತು ಮಾಡಿ. ತ್ರೀಡಿ ಪ್ರಿಂಟಿನ ಲಿವರ್ ಬಗ್ಗೆಯೂ ಯಾರೋ ಕೇಳಿದ್ದಾರೆ. ಅಂಥ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಎಂಜಿನ್ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಹೊಸ ಭಾಗ ತರಿಸುವ ಮೊದಲು, ಹಳೆಯದು ಏಕೆ ಮುರಿಯಿತು ಎಂದು ನೋಡಲೇಬೇಕು. ಪ್ಲಾಸ್ಟಿಕ್ ಸುಮ್ಮನೆ ಮುರಿಯುವುದು ಕಡಿಮೆ. ಹಿಂದೆ ಏನೋ ಬಿಗಿದುಕೊಂಡಿರುತ್ತದೆ, ನಾವು ಜೋರಾಗಿ ಎಳೆಯುತ್ತೇವೆ. ಏರ್ ಫಿಲ್ಟರ್ ತೆಗೆದು ಚೋಕಿನ ತಗಡನ್ನು ಬೆರಳಿನಿಂದ ತಿರುಗಿಸಿ ನೋಡಿ. ಹಳೆಯ ಪೆಟ್ರೋಲಿನ ಜಿಗುಟು ಕಟ್ಟಿ ಅದು ಬಿಗಿಯಾಗಿದ್ದರೆ ಹೊಸ ಲಿವರೂ ಅಲ್ಲೇ ಮುರಿಯುತ್ತದೆ. ಆಮೇಲೆ ಟ್ರಿಗರಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕಂಬಿ ಬಾಗಿದೆಯೇ ನೋಡಿ. ಹಿಡಿಯ ಒಳಗೆ, ಲಾಕ್ ತಿರುಗುವ ಪಿನ್ನಿನ ಸುತ್ತ, ಮರದ ಹೊಟ್ಟು ಮತ್ತು ಚೈನ್ ಎಣ್ಣೆ ಸೇರಿ ಕಪ್ಪು ಹಿಂಡಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಮರದ ಕಡ್ಡಿಯಿಂದ ಕೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅಲ್ಲಿಗೆ ಎಣ್ಣೆ ಬಿಡಬೇಡಿ, ಒಣಗಿಯೇ ಇರಲಿ. ಎಣ್ಣೆ ಬಿಟ್ಟರೆ ಹೊಟ್ಟು ಮತ್ತೆ ಅಂಟುತ್ತದೆ. ಪಿನ್ ಕೂರುವ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬೆಳ್ಳಗಿನ ಗೆರೆ ಕಂಡರೆ ಹಿಡಿಯೇ ಬಿರುಕು ಬಿಡಲು ಶುರುವಾಗಿದೆ ಎಂದು ತಿಳಿಯಿರಿ. ಹಲವು ಯಂತ್ರಗಳಲ್ಲಿ ಹಿಡಿ ಮತ್ತು ಪೆಟ್ರೋಲ್ ಟ್ಯಾಂಕ್ ಒಂದೇ ಎರಕ, ಹಾಗಾಗಿ ಅದು ದೊಡ್ಡ ಕೆಲಸ.

ಭಾಗ ಕೇಳುವಾಗ ಯಂತ್ರದ ಮಾಡೆಲ್ ಜೊತೆಗೆ ಮುರಿದ ತುಂಡನ್ನೂ ತಿರುಗಿಸಿ ನೋಡಿ. ಅನೇಕ ಬಾರಿ ಒಳಬದಿಯಲ್ಲೇ ನಂಬರ್ ಮೂಡಿರುತ್ತದೆ. ಮುರಿದ ಚೂರುಗಳನ್ನು ಎಸೆಯಬೇಡಿ. ಒಂದು ಚೂರು ಲೆಕ್ಕಕ್ಕೆ ಸಿಗದಿದ್ದರೆ ಅದು ಒಳಗೇ ಉಳಿದು ಟ್ರಿಗರನ್ನು ಎಳೆದ ಸ್ಥಿತಿಯಲ್ಲಿ ಸಿಕ್ಕಿಸಿಬಿಡಬಹುದು.

ಬಿಚ್ಚುವ ಮೊದಲು ಎಂಜಿನ್ ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ತೆಗೆಯಿರಿ, ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ) ಮತ್ತು ಚೈನ್ ಕಳಚಿಡಿ. ಹೆಜ್ಜೆಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಮುಖ್ಯವಾಗಿ ಸ್ಪ್ರಿಂಗಿನ ಎರಡು ಕಾಲು ಎಲ್ಲಿ ಕೂತಿವೆ ಎಂಬುದನ್ನು. ಕೊನೆಯ ಪಿನ್ ಎಳೆಯುವಾಗ ಹಿಡಿಯನ್ನು ದೊಡ್ಡ ಪಾರದರ್ಶಕ ಚೀಲದೊಳಗೆ ಇಟ್ಟುಕೊಂಡರೆ ಸ್ಪ್ರಿಂಗ್ ಹಾರಿದರೂ ಕೈಗೆ ಸಿಗುತ್ತದೆ. ಪಿನ್ ಹೊಡೆಯುವಾಗ ಕೆಳಗೆ ಮರದ ತುಂಡನ್ನು ಆಸರೆಯಾಗಿ ಕೊಡಿ, ಇಲ್ಲದಿದ್ದರೆ ತೂತಿನ ಸುತ್ತ ಬಿರುಕು ಬೀಳುತ್ತದೆ.

ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡದೆಯೇ ನೋಡಿ: ಲಾಕ್ ಒತ್ತದೆ ಟ್ರಿಗರ್ ಅಲುಗಬಾರದು, ಎರಡನ್ನೂ ಬಿಟ್ಟೊಡನೆ ಟಕ್ಕನೆ ಹಿಂದಕ್ಕೆ ಬರಬೇಕು. ನಂತರ ಬಾರ್ ಮತ್ತು ಚೈನ್ ಹಾಕಿ, ಯಂತ್ರವನ್ನು ನೆಲದ ಮೇಲೆ ಒತ್ತಿ ಹಿಡಿದು, ಚೈನ್ ಬ್ರೇಕ್ ಹಾಕಿಕೊಂಡೇ ಚಾಲೂ ಮಾಡಿ. ಬಿಸಿಯಾದ ಮೇಲೆ ಬ್ರೇಕ್ ಬಿಟ್ಟಾಗ ಚೈನ್ ನಿಂತೇ ಇರಬೇಕು. ಟ್ರಿಗರ್ ಎಳೆದು ಬಿಟ್ಟರೆ ಎಂಜಿನ್ ತಕ್ಷಣ ಇಳಿಯಬೇಕು. ಎರಡೂ ಕೈಯಲ್ಲಿ ಹಿಡಿಗಳನ್ನು ಹಿಡಿದೇ, ಎಡಗೈ ಮಣಿಕಟ್ಟಿನಿಂದ ಬ್ರೇಕ್ ತಳ್ಳಿದರೆ ಚೈನ್ ಕೂಡಲೇ ನಿಲ್ಲಬೇಕು. ಸ್ವಿಚ್ ಹಾಕಿದರೆ ಎಂಜಿನ್ ಆರಬೇಕು. ಒಂದು ತಪ್ಪಿದರೂ ಮರದ ಹತ್ತಿರ ಒಯ್ಯಬೇಡಿ.

ಮಾಡೆಲ್ ನಂಬರಿನ ಚೀಟಿ ಮತ್ತು ಚೋಕ್ ಲಿವರಿನ ಹತ್ತಿರದ ಫೋಟೊ ಇಲ್ಲಿ ಹಾಕಿ. ಅದು ಬರೀ ಚೋಕಿನದ್ದೋ ಸ್ಟಾಪ್ ಕೂಡ ಅದರಲ್ಲೇ ಇದೆಯೋ ನೋಡಿ ಹೇಳುತ್ತೇನೆ.