ಎಲ್ಕ್ ಬೇಟೆಗೆ ಜಿಮ್ ಒಂದೇ ಸಾಲದು

ಮಡಿಕೇರಿಯಿಂದ ಡೆನ್ವರ್‌ಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸಿನವರು ಅಕ್ಟೋಬರ್‌ನಲ್ಲಿ ಎಲ್ಕ್ (ಅಮೆರಿಕದ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಕರೆದಿದ್ದಾರೆ, ದಿನಾ ಜಿಮ್‌ಗೆ ಹೋಗುತ್ತಿದ್ದೇನೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಇದೇ ಕೊಲೊರಾಡೊ ರಾಜ್ಯದಲ್ಲಿ ನೆಲೆಸಿ ಹದಿನೇಳು ವರ್ಷವಾಯಿತು. ಹನ್ನೊಂದು ಸಲ ಎಲ್ಕ್ ಬೇಟೆಗೆ ಬೆಟ್ಟ ಹತ್ತಿದ್ದೇನೆ. ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಕುಮಾರ ಪರ್ವತ ಆರಾಮಾಗಿ ಹತ್ತುತ್ತಿದ್ದೆ ಅಂದಿರಿ. ಅದು 1,712 ಮೀಟರ್. ಡೆನ್ವರ್ ಊರೇ 1,609 ಮೀಟರ್ ಎತ್ತರದಲ್ಲಿದೆ! ಬೇಟೆಯ ಕ್ಯಾಂಪು ಸಾಮಾನ್ಯವಾಗಿ 3,000 ಮೀಟರ್ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಸುಮಾರು 70% ಮಾತ್ರ. ಎರಡು ದಿನ ಮುಂಚೆಯೇ ಹೋಗಿ ಉಳಿದುಕೊಳ್ಳಿ. ನೀರು ಜಾಸ್ತಿ ಕುಡಿಯಿರಿ. ಸುಮ್ನೆ ಕೂತಿದ್ದರೂ ಏದುಸಿರು ಬಂದರೆ, ಕೆಮ್ಮು ಹತ್ತಿದರೆ, ತಡಮಾಡದೆ ಕೆಳಗಿಳಿಯಿರಿ.

ಹತ್ತುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಭಾರ ಹೊತ್ತುಕೊಂಡು ಇಳಿಯುವುದನ್ನು ಯಾರೂ ಮಾಡುವುದಿಲ್ಲ. ಊರಿನ ಹಿರಿಯರು ಹೇಳುವ ಹಂದಿ ಬೇಟೆಯ ಕಥೆ ಕೇಳಿದ್ದೀರಲ್ವಾ? ಹೆಗಲು ಕೊಡಲು ಹತ್ತು ಜನ ಇರುತ್ತಿದ್ದರು. ಇಲ್ಲಿ ನೀವು, ನಿಮ್ಮ ಜೊತೆಗಾರ, ಇಬ್ಬರೇ. ದೊಡ್ಡ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಬಿದ್ದಲ್ಲೇ ಚರ್ಮ ಸುಲಿದು, ನಾಲ್ಕು ಕಾಲು ಬಿಡಿಸಿ, ಬೆನ್ನಿನ ಮಾಂಸ ತೆಗೆದು ಬೆನ್ನ ಮೇಲೆ ಹೊತ್ತು ತರಬೇಕು. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ.

ನನ್ನ ಮೊದಲ ವರ್ಷ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಸಂಜೆ ನಾಲ್ಕು ಗಂಟೆ, ಆಳದ ಕಣಿವೆ, ಗಾಡಿ ಮೂರು ಕಿಲೋಮೀಟರ್ ದೂರ. ಮೊದಲ ಹೊರೆ ಹೊತ್ತು ಏರು ಹತ್ತಿದೆ. ಆಚೆ ಇಳಿಜಾರಿನಲ್ಲಿ ಮೊಣಕಾಲು ನಡುಗಿ ಕೂತುಬಿಟ್ಟೆ. ನನ್ನ ಪಾಲಿನ ಹೊರೆಯನ್ನೂ ಗೆಳೆಯನೇ ಹೊತ್ತ. ಚರ್ಮ ಪೂರ್ತಿ ಬಿಡಿಸದೆ ಉಳಿದಿದ್ದ ಒಂದು ತೊಡೆ ಬೆಳಿಗ್ಗೆವರೆಗೂ ಅಲ್ಲೇ ಬಿದ್ದಿತ್ತು. ಒಳಗಿನ ಬಿಸಿ ಆರದೆ ಮೂಳೆಯ ಸುತ್ತ ಕೆಟ್ಟಿತ್ತು. ಆ ವಾಸನೆ ನನಗೆ ಇನ್ನೂ ನೆನಪಿದೆ. ಆ ಪ್ರಾಣಿಗೆ ಅನ್ಯಾಯ ಮಾಡಿದೆ ಅನ್ನುವ ನೋವು ಹೋಗಿಲ್ಲ. ಹೊತ್ತು ತರಲಾಗದ ಜಾಗದಲ್ಲಿ ಅಂದಿನಿಂದ ನಾನು ಗುಂಡು ಹಾರಿಸಿಲ್ಲ.

ಅದಕ್ಕೇ ಈಗಲೇ ಶುರು ಮಾಡಿ. ಗಟ್ಟಿ ಬ್ಯಾಗಿಗೆ ಹತ್ತು ಲೀಟರ್ ನೀರಿನ ಕ್ಯಾನ್ ಹಾಕಿ, ವಾರಕ್ಕೆ ಎರಡು ಸಲ ಗುಡ್ಡ ಹತ್ತಿ. ಮೊದಲ ತಿಂಗಳು ತುದಿಯಲ್ಲಿ ನೀರು ಚೆಲ್ಲಿ ಇಳಿಯಿರಿ, ಮೊಣಕಾಲು ಉಳಿಯುತ್ತದೆ. ಆಮೇಲೆ ಚೆಲ್ಲದೆ ಇಳಿಯಿರಿ. ವಾರಕ್ಕೆ ಒಂದೆರಡು ಕಿಲೋದಂತೆ ಏರಿಸುತ್ತಾ ಸೆಪ್ಟೆಂಬರ್ ಹೊತ್ತಿಗೆ 25 ಕಿಲೋ ಮುಟ್ಟಿ. ಜಿಮ್ ಬಿಡಬೇಡಿ. ಆದರೆ ಅಲ್ಲಿ ಎತ್ತರದ ಮೆಟ್ಟಿಲಿನಿಂದ ಒಂದೊಂದೇ ಕಾಲಲ್ಲಿ ನಿಧಾನವಾಗಿ ಇಳಿಯುವ ಕಸರತ್ತು ಮಾಡಿ. ಇಳಿಯುವಾಗ ತೊಡೆಯ ಸ್ನಾಯು ಎಳೆಸಿಕೊಂಡೇ ಭಾರ ತಡೆಯುತ್ತದೆ, ನೋವು ಬರುವುದೂ ಅದರಿಂದಲೇ. ನಲವತ್ತು ದಾಟಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೃದಯ ತೋರಿಸಿಕೊಳ್ಳಿ. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ.

ಶೂಟಿಂಗ್ ರೇಂಜಿನಲ್ಲೂ ಆರಾಮಾಗಿ ಕೂತು ಗುರಿ ಇಡಬೇಡಿ. ಇಪ್ಪತ್ತು ಬಸ್ಕಿ ಹೊಡೆದು, ಎದೆ ಬಡಿದುಕೊಳ್ಳುತ್ತಿರುವಾಗ ಉಸಿರು ಹಿಡಿತಕ್ಕೆ ತರುವುದನ್ನು ಕಲಿಯಿರಿ. ಬೆಟ್ಟದಲ್ಲಿ ಸಿಗುವುದು ಅಂಥ ಗಳಿಗೆಯೇ.

ಕೈಲ್‌ಪೊದ್‌ನಲ್ಲಿ (ಕೊಡಗಿನ ಆಯುಧಪೂಜೆಯ ಹಬ್ಬ) ಕೋವಿಗೆ ಹೂವಿಟ್ಟು ಬೆಳೆದವರಿಗೂ ಇಲ್ಲಿನ ಕಾನೂನು ಬೇರೆ. ಎಚ್-1ಬಿ ವೀಸಾದವರು ಬೇಟೆ ಲೈಸೆನ್ಸ್ ಇಲ್ಲದೆ ಬಂದೂಕು ಮುಟ್ಟಲೇಬಾರದು. ಲೈಸೆನ್ಸ್‌ಗೆ ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಪಾಸಾಗಬೇಕು. ಅದನ್ನು ಈ ತಿಂಗಳೇ ಮುಗಿಸಿ.

ಮ್ಯಾನಿಟೂ ಸ್ಪ್ರಿಂಗ್ಸ್ ಊರಿನ ಇಂಕ್ಲೈನ್ ಅನ್ನುವ ಕಡಿದಾದ ಮೆಟ್ಟಿಲ ದಾರಿಯ ಬಗ್ಗೆ ಕೇಳಿರಬಹುದು. 2,768 ಮೆಟ್ಟಿಲು. ಅದರ ಬುಡವೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಮುಂದಿನ ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಅಲ್ಲಿರುತ್ತೇನೆ, ಬನ್ನಿ. ಇಳಿಯುವುದು ಬಾರ್ ಟ್ರೇಲ್ ಅನ್ನುವ ಕಾಲುದಾರಿಯಲ್ಲಿ. ಬೇಟೆಗೆ ಹಾಕುವ ಬೂಟೇ ಹಾಕಿಕೊಂಡು ಬನ್ನಿ, ಈಗಲೇ ಅದು ಕಾಲಿಗೆ ಪಳಗಲಿ. ಅವಲಕ್ಕಿ, ಕಡಲೆಬೀಜದ ಚಿಕ್ಕಿ ನಾನು ತರುತ್ತೇನೆ.