ಪಕ್ಕದ ಮನೆಯ ಒಂಬತ್ತು ಮಕ್ಕಳು

ಬೆಳಿಗ್ಗೆ ಏಳೂವರೆ ಅಂದರೆ ಮೈಸೂರಿನಲ್ಲಿ ನನಗೆ ಎರಡನೇ ಕಾಫಿಯ ಹೊತ್ತು. ನನ್ನ ಹತ್ತಿರ ಆಪ್ತಸಲಹೆಗೆ ಬರುತ್ತಿದ್ದ, ಟೆಕ್ಸಾಸಿನಲ್ಲಿರುವ ಸುಮಾಗೆ ಆಗಿನ್ನೂ ಹಿಂದಿನ ದಿನದ ರಾತ್ರಿ ಒಂಬತ್ತು. ಮಗಳನ್ನು ಮಲಗಿಸಿ, ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತು ವಿಡಿಯೊ ಆನ್ ಮಾಡುತ್ತಿದ್ದರು. ಮನೆಯೊಳಗೆ ಅತ್ತೆ ಇದ್ದಾರೆ, ಎಲ್ಲ ಕೇಳಿಸುತ್ತೆ ಅಂತ. (ಹೆಸರು, ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ಮೇಡಂ, ಪಕ್ಕದ ಮನೆಯವರ ಮೇಲೆ ನಾನು ಕಂಪ್ಲೇಂಟ್ ಕೊಡ್ಬೇಕಾ ಬೇಡ್ವಾ?" ಮೊದಲ ದಿನ ನಮಸ್ಕಾರದ ನಂತರ ಬಂದ ಮೊದಲ ಮಾತೇ ಅದು.

ಪಕ್ಕದ ಮನೆಯಲ್ಲಿ ಒಂಬತ್ತು ಮಕ್ಕಳು. ದೊಡ್ಡವಳು ಹ್ಯಾನಾಗೆ ಹದಿನೈದು, ಕೊನೆಯದಕ್ಕೆ ಏಳು ತಿಂಗಳು. ಯಾರೂ ಶಾಲೆಗೆ ಹೋಗುವುದಿಲ್ಲ. ತಾಯಿ ರೇಚಲ್ ಮನೆಯಲ್ಲೇ ಪಾಠ ಮಾಡುತ್ತಾರೆ. ಹೆಣ್ಣುಮಕ್ಕಳಿಗೆಲ್ಲ ಉದ್ದ ಲಂಗ. ಟಿವಿ ಇಲ್ಲ. ಭಾನುವಾರ ಹದಿನೈದು ಸೀಟಿನ ಬಿಳಿ ವ್ಯಾನಿನಲ್ಲಿ ಚರ್ಚಿಗೆ ಹೊರಡುತ್ತಾರೆ. ಬಾಗಿಲ ಪಕ್ಕ ಒಂದು ಮರದ ಹಲಗೆ, ಅದರ ಮೇಲೆ ಬೈಬಲ್ಲಿನ ಸಾಲು.

ನನ್ನದೂ ಒಂದು ತಪ್ಪು ಇಲ್ಲೇ ಹೇಳಿಬಿಡುತ್ತೇನೆ. ಆ ದಿನದ ನನ್ನ ಟಿಪ್ಪಣಿಯಲ್ಲಿ ಒಂಬತ್ತು ಅನ್ನೋ ಅಂಕಿಯ ಮುಂದೆ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೇನೆ. ಮಕ್ಕಳ ಬಗ್ಗೆ ಒಂದು ಮಾತೂ ಕೇಳುವ ಮುಂಚೆಯೇ.

ಸುಮಾಳ ಮಗಳಿಗೆ ಎಂಟು ವರ್ಷ. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಆ ಮನೆಗೆ ಓಡುತ್ತಿದ್ದಳು. ಅಲ್ಲಿ ಟ್ರ್ಯಾಂಪೊಲಿನ್ ಇದೆ, ಕೋಳಿಗಳಿವೆ, ಯಾವಾಗಲೂ ಆಡಲು ಯಾರಾದರೂ ಸಿಗುತ್ತಾರೆ. ಒಂದು ಸಂಜೆ ಬಂದು, "ನಾನೂ ಇನ್ಮೇಲೆ ಸ್ಕೂಲಿಗೆ ಹೋಗಲ್ಲ, ಹ್ಯಾನಾ ಹತ್ರಾನೇ ಕಲೀತೀನಿ" ಅಂದಳಂತೆ. ಆವತ್ತಿನಿಂದ ಸುಮಾಗೆ ಆ ಮನೆ ಕಂಡರೆ ಕಿರಿಕಿರಿ.

ಆಮೇಲೆ ಬಂತು ಫೋಟೊ ಪ್ರಕರಣ. ಪಕ್ಕದ ಮನೆಯ ಮೆಟ್ಟಿಲ ಮೇಲೆ ಬಿದ್ದಿದ್ದ ಹದಿನೇಳು ಜೊತೆ ಚಪ್ಪಲಿ, ಬೂಟುಗಳ ಫೋಟೊ ತೆಗೆದು, "ನಮ್ಮ ಬೀದಿಯ ಅಂಗನವಾಡಿ" ಅಂತ ಬರೆದು ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದರು. ಗುಂಪು ನಕ್ಕಿತು. ಒಬ್ಬರು "ಫ್ಯಾಕ್ಟರಿಗೆ ಬೀಗ ಹಾಕಿಸ್ರೇ" ಅಂದರು. ಫೋನಿನಲ್ಲಿ ಆಟ ಆಡುತ್ತಿದ್ದ ಮಗಳು ಅದನ್ನು ನೋಡಿದಳು. ಅಜ್ಜಿಯ ಹತ್ತಿರ ಓದಿಸಿಕೊಂಡಳು. ಮರುದಿನ ಹೋಗಿ ಹ್ಯಾನಾಗೆ ಹೇಳಿದಳು. ನಿಮ್ಮ ಚಪ್ಪಲಿ ಫೋಟೊ ಅಮ್ಮ ಎಲ್ಲರಿಗೂ ಕಳಿಸಿದಾಳೆ, ನಿಮ್ಮನೆ ಫ್ಯಾಕ್ಟರಿ ಅಂತೆ ಅಂತ.

ಎರಡು ದಿನ ಬಿಟ್ಟು ಬೇಲಿಯ ನಡುವಿನ ಪುಟ್ಟ ಗೇಟಿಗೆ ಚಿಲಕ ಬಿತ್ತು. ರೇಚಲ್ ಜಗಳ ಆಡಲಿಲ್ಲ. "ಮಕ್ಕಳಿಗೆ ಈಗ ಪಾಠ ಜಾಸ್ತಿ ಇದೆ" ಅಂದರು, ಅಷ್ಟೇ.

ಸುಮಾ ಇದನ್ನೆಲ್ಲ ಅರ್ಧ ಗಂಟೆ ಹೇಳಿದರು. ಕಾನೂನು, ಮಕ್ಕಳ ಹಕ್ಕು, ಧರ್ಮದ ಹುಚ್ಚು, ಆ ದೊಡ್ಡ ಹುಡುಗಿಯ ಗತಿ, ಎಲ್ಲ ಬಂತು. ಕೊನೆಗೆ ನಾನು ಒಂದೇ ಪ್ರಶ್ನೆ ಕೇಳಿದೆ. "ಕಂಪ್ಲೇಂಟ್ ಕೊಡಬೇಕು ಅಂತ ಮೊದಲ ಸಲ ಅನ್ನಿಸಿದ್ದು ಗೇಟು ಮುಚ್ಚೋ ಮುಂಚೆಯಾ, ಆಮೇಲೆಯಾ?"

ಕಾರಿನೊಳಗಿನ ಲೈಟು ತಾನಾಗಿಯೇ ಆರಿಹೋಯಿತು. ಅವರು ಮತ್ತೆ ಹಾಕಲಿಲ್ಲ. ಕತ್ತಲಲ್ಲೇ, "ಆಮೇಲೆ" ಅಂದರು.

ಅಂದ ಮಾತ್ರಕ್ಕೆ ಅವರ ಆತಂಕ ಸುಳ್ಳು ಅಂತಲ್ಲ. ಅವಮಾನ ಆದವರಿಗೂ ನಿಜ ಕಾಣಿಸುತ್ತದೆ. ಆದರೆ ಅವಮಾನದ ಬಿಸಿಯಲ್ಲಿ ಕೊಡುವ ದೂರು ಮಕ್ಕಳಿಗಾಗಿಯೋ ನಮ್ಮ ಮರ್ಯಾದೆಗಾಗಿಯೋ ಅಂತ ಬಿಡಿಸಿ ನೋಡಬೇಕಿತ್ತು.

ಮುಂದಿನ ವಾರಕ್ಕೆ ಒಂದು ಕೆಲಸ ಕೊಟ್ಟೆ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಕಣ್ಣಾರೆ ಕಂಡದ್ದು, ಬಲಗಡೆ ಅಂದುಕೊಂಡದ್ದು. ಹದಿನಾಲ್ಕು ಸಾಲು ಬರೆದುಕೊಂಡು ಬಂದರು. ಒಂದೊಂದೇ ಓದುತ್ತಾ ಹೋದ ಹಾಗೆ ಸಾಲುಗಳು ಎಡದಿಂದ ಬಲಕ್ಕೆ ಜಾರಿದವು. "ಮಕ್ಕಳಿಗೆ ಹೊರಗಿನ ಪ್ರಪಂಚವೇ ಗೊತ್ತಿಲ್ಲ" ಬಲಕ್ಕೆ. "ಗಂಡನ ಒತ್ತಾಯಕ್ಕೆ ಹೆರುತ್ತಿದ್ದಾಳೆ" ಬಲಕ್ಕೆ. "ಬೆಳಿಗ್ಗೆ ಹನ್ನೊಂದಕ್ಕೇ ಟ್ರ್ಯಾಂಪೊಲಿನ್ ಮೇಲೆ ಇರುತ್ತಾರೆ" ಎಡಕ್ಕೇ ಉಳಿಯಿತು. ಆದರೆ ಹತ್ತು ಮಕ್ಕಳಿಗಿಂತ ಕಡಿಮೆ ಇರುವ ತರಗತಿಯಲ್ಲಿ ಪಾಠ ಎಷ್ಟು ಹೊತ್ತಿಗೆ ಮುಗಿಯಬಹುದು ಅಂತ ಸುಮಾ ತಾವೇ ಕೇಳಿಕೊಂಡರು.

ಎಡಗಡೆ ಗಟ್ಟಿಯಾಗಿ ಉಳಿದದ್ದು ಎರಡೇ. ಹ್ಯಾನಾಳ ಸೊಂಟದ ಮೇಲೆ ಯಾವಾಗ ನೋಡಿದರೂ ಮಗು ಇರುತ್ತದೆ. ಮತ್ತೆ, ಹತ್ತು ವರ್ಷದ ಕೇಲಬ್‌ಗೆ ಆಟದ ಕಾರ್ಡಿನ ಮೇಲಿದ್ದ ಪದಗಳನ್ನು ಓದಲು ಬರಲಿಲ್ಲ. ಸುಮಾಳ ಮಗಳು, ಎಂಟು ವರ್ಷದವಳು, ಅವನಿಗೆ ಓದಿ ಹೇಳಿದಳು.

ಹ್ಯಾನಾಳ ಸಾಲಿಗೆ ಬಂದಾಗ ಸುಮಾಳ ಗಂಟಲು ಕಟ್ಟಿತು. ನಾನು ಕಾದೆ. ಆಮೇಲೆ ಅವರ ಅಮ್ಮನ ಕಥೆ ಹೊರಗೆ ಬಂತು. ಅಮ್ಮ ಅರಸೀಕೆರೆ ಕಡೆಯವರು, ಏಳು ಜನರಲ್ಲಿ ದೊಡ್ಡವರು. ನಾಲ್ಕನೇ ತಮ್ಮ ಹುಟ್ಟಿದ ವರ್ಷ ಆರನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಮಗು ಎತ್ತಿಕೊಳ್ಳೋರು ಬೇಕಿತ್ತು. "ಈಗಲೂ ಬಸ್ಸಿನ ಬೋರ್ಡು ಓದೋ ಅಷ್ಟರಲ್ಲಿ ಬಸ್ಸು ಹೊರಟುಹೋಗುತ್ತೆ ಮೇಡಂ ಅಮ್ಮಂಗೆ. ತಮ್ಮಂದಿರೆಲ್ಲ ಇಂಜಿನಿಯರು."

ಹಾಗಾದರೆ ಬೇಲಿಯಾಚೆ ಅವರು ನೋಡುತ್ತಿದ್ದದ್ದು ಯಾರನ್ನು? ನಾನು ಇದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ನಮ್ಮ ಕಣ್ಣಿಗೆ ಇನ್ನೊಂದು ಪೊರೆಯೂ ಇದೆ. ನಾನು, ಸುಮಾ ಇಬ್ಬರೂ ಆರೋಗ್ಯ ಕೇಂದ್ರದ ಗೋಡೆಯ ಕೆಂಪು ತ್ರಿಕೋನ, "ನಾವಿಬ್ಬರು, ನಮಗಿಬ್ಬರು", "ಆರತಿಗೊಂದು ಕೀರ್ತಿಗೊಂದು" ನೋಡಿಕೊಂಡು ಬೆಳೆದವರು. ಜಾಸ್ತಿ ಮಕ್ಕಳು ಅಂದರೆ ಅಜ್ಞಾನ ಅಂತ ಆ ಗೋಡೆಗಳೇ ಕಲಿಸಿದವು. ಅದೇ ಮನೆಗಳಲ್ಲಿ ಮದುಮಗಳಿಗೆ "ಅಷ್ಟಪುತ್ರವತೀ ಭವ" ಅಂತ ಅಕ್ಷತೆಯನ್ನೂ ಹಾಕುತ್ತಿದ್ದೆವು, ಯಾರೂ ಲೆಕ್ಕ ಮಾಡಲಿಲ್ಲ. ರೇಚಲ್ ಬಾಗಿಲಿನ ಹಲಗೆಯಲ್ಲಿರುವುದು ಕೀರ್ತನೆ 127ರ ಸಾಲು. ಮಕ್ಕಳು ವೀರನ ಕೈಯ ಬಾಣಗಳ ಹಾಗೆ, ಬತ್ತಳಿಕೆ ತುಂಬಿದವನೇ ಧನ್ಯ ಅನ್ನುವ ಅರ್ಥ. ಇದನ್ನು ಅಕ್ಷರಶಃ ಹಿಡಿದು, ದೇವರು ಕೊಟ್ಟಷ್ಟು ಮಕ್ಕಳು ಅನ್ನುವ ಕುಟುಂಬಗಳು ಅಮೆರಿಕದಲ್ಲಿವೆ. ಸುಮಾ ಅಷ್ಟು ದಿನ ಆ ಹಲಗೆಯನ್ನು ದಾಟಿ ಹೋಗಿದ್ದರೂ ಓದಿರಲಿಲ್ಲ. "ಬತ್ತಳಿಕೆನಾ? ಅರ್ಜುನಂದು?" ಅಂತ ನಕ್ಕರು. ಆ ವಿಷಯದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಸುಮಾಳ ಗಂಡನದು ಉಲ್ಟಾ ಅಭಿಪ್ರಾಯ. "ಎಷ್ಟು ಶಿಸ್ತು, ನಮ್ಮ ಗುರುಕುಲ ಇದ್ದ ಹಾಗೆ" ಅಂತಾರಂತೆ. ನನಗೆ ಅದೂ ಅಷ್ಟೇ ಕುರುಡು ಅನ್ನಿಸಿತು. ಫ್ಯಾಕ್ಟರಿ ಅಂದವರೂ ಗುರುಕುಲ ಅಂದವರೂ ಕೇಲಬ್ ಓದುತ್ತಾನಾ ಅಂತ ನೋಡಲಿಲ್ಲ.

ಇನ್ನು ಕಾನೂನು. ಟೆಕ್ಸಾಸಿನಲ್ಲಿ ಹೋಮ್‌ಸ್ಕೂಲ್ ಅಂದರೆ ಕಾನೂನಿನ ಲೆಕ್ಕದಲ್ಲಿ ಒಂದು ಖಾಸಗಿ ಶಾಲೆ. 1994ರ ಲೀಪರ್ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕತನ, ಈ ಐದನ್ನು ಪಠ್ಯ ಇಟ್ಟುಕೊಂಡು ನಿಜವಾಗಿ ಕಲಿಸಬೇಕು. ನೋಂದಣಿ ಇಲ್ಲ, ಪರೀಕ್ಷೆ ಇಲ್ಲ, ಇನ್‌ಸ್ಪೆಕ್ಟರ್ ಬರುವುದಿಲ್ಲ. ನ್ಯೂಯಾರ್ಕಿನಲ್ಲಾದರೆ ವರ್ಷದ ಯೋಜನೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅಂದರೆ ರೇಚಲ್ ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೆ ಕೇಲಬ್‌ನಂಥ ಹುಡುಗ ಹಿಂದೆ ಬಿದ್ದರೆ ಗಮನಿಸುವ ಹೊರಗಿನ ಕಣ್ಣೂ ಅಲ್ಲಿಲ್ಲ. ಎರಡೂ ನಿಜ. ಹೀಗೆ ಮನೆಯಲ್ಲೇ ಕಲಿತು ಬೆಳೆದವರೇ ಸೇರಿ, ಸ್ವಲ್ಪ ಮೇಲ್ವಿಚಾರಣೆ ಇರಲಿ ಅಂತ 2013ರಲ್ಲಿ ಒಂದು ಸಂಸ್ಥೆ ಕಟ್ಟಿದ್ದಾರೆ. ಅವರ ಮಾತನ್ನು ನಾನು ಹೊರಗಿನವರ ಮಾತಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

"ಎಲ್ಲಾ ದೇವರ ಹೆಸರಲ್ಲಿ" ಅಂದಿದ್ದರು ಸುಮಾ. ಅಮೆರಿಕ ಸರ್ಕಾರದ 2019ರ ಸಮೀಕ್ಷೆಯಲ್ಲಿ ಮನೆಪಾಠದ ಮಕ್ಕಳ ತಂದೆತಾಯಿಯರಲ್ಲಿ 100ಕ್ಕೆ 80 ಮಂದಿ ಶಾಲೆಯ ವಾತಾವರಣದ ಚಿಂತೆ ಅಂದಿದ್ದರು. ಧಾರ್ಮಿಕ ಶಿಕ್ಷಣ ಅಂದವರು 59. ಬಂದೂಕು, ಡ್ರಗ್ಸ್ ಅಂತ ಸುಮಾ ತಾವೇ ಶಾಲೆಯ ವಿಷಯದಲ್ಲಿ ಎಷ್ಟು ಸಲ ಹೆದರಿದ್ದರು!

ಮಕ್ಕಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ದೂರು ಅನ್ನುವುದು ನಮ್ಮವರಿಗೆ ಹೊಸದೇನಲ್ಲ. 2011ರಲ್ಲಿ ನಾರ್ವೆಯಲ್ಲಿ ಒಂದು ಭಾರತೀಯ ದಂಪತಿಯ ಎರಡು ಎಳೆ ಮಕ್ಕಳನ್ನು ಇಲಾಖೆಯವರು ಕರೆದೊಯ್ದರು. ಕೈಯಲ್ಲಿ ತುತ್ತು ಇಟ್ಟದ್ದು, ಜೊತೆಯಲ್ಲೇ ಮಲಗಿಸಿಕೊಂಡದ್ದು ಕೂಡ ತಪ್ಪಾಗಿ ಕಂಡಿತು ಅಂತ ತಂದೆತಾಯಿ ಆಗ ಹೇಳಿದ್ದರು. ಸುಮಾ ಆ ಸುದ್ದಿ ಓದಿ ತಿಂಗಳುಗಟ್ಟಲೆ ಉರಿದುಕೊಂಡಿದ್ದವರು. ಹೊರಗಿನವರ ಕಣ್ಣಿಗೆ ನಮ್ಮ ಕೈತುತ್ತೇ ಹಾಗೆ ಕಂಡರೆ, ನಮ್ಮ ಕಣ್ಣಿಗೆ ಅವರ ಉದ್ದ ಲಂಗ?

ನಾನು ಕೊಟ್ಟ ಸಲಹೆ ಹೀಗಿತ್ತು. ಮಕ್ಕಳ ಮೈಮೇಲೆ ಬಾಸುಂಡೆ ಕಂಡರೆ, ಹಸಿದಿದ್ದರೆ, ಕಾಯಿಲೆ ಬಿದ್ದರೂ ಡಾಕ್ಟರಿಗೆ ತೋರಿಸದಿದ್ದರೆ, ಯಾರನ್ನಾದರೂ ಕಂಡು ಬೆದರಿ ಮುದುಡಿದರೆ, ನನ್ನ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆವತ್ತೇ ಮಕ್ಕಳ ಇಲಾಖೆಗೆ ಫೋನ್ ಮಾಡಿ. ಮಗುವಿಗೆ ಹಿಂಸೆ ಆಗುತ್ತಿದೆ ಅನ್ನಲು ಕಾರಣ ಇದ್ದರೆ ತಿಳಿಸಲೇಬೇಕು ಅನ್ನುವುದು ಟೆಕ್ಸಾಸಿನಲ್ಲಿ ಎಲ್ಲರಿಗೂ ಅನ್ವಯಿಸುವ ಕಾನೂನು. ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ. ಆದರೆ ಮಕ್ಕಳ ಸಂಖ್ಯೆ, ಲಂಗದ ಉದ್ದ, ಚರ್ಚು, ಇವು ಯಾವುದೂ ಕಾರಣ ಅಲ್ಲ.

ಮೊದಲು ಕ್ಷಮೆ ಕೇಳಿ ಅಂದೆ. ವಿವರಣೆ ಬೇಡ. "ತಮಾಷೆಗೆ ಮಾಡಿದ್ದು" ಅನ್ನಬೇಡಿ, "ನಮ್ಮ ಭಾಷೆಯಲ್ಲಿ ಅದರ ಅರ್ಥ ಬೇರೆ" ಅನ್ನಲೇಬೇಡಿ. ಮಗಳ ಎದುರಿಗೇ ಕೇಳಿ, ಮಾತು ತಲುಪಿಸಿದವಳು ತಾನೇ ಅಪರಾಧಿ ಅಂತ ಅವಳು ಅಂದುಕೊಂಡಿದ್ದಾಳೆ. ಗುಂಪಿನಿಂದ ಫೋಟೊ ತೆಗೆಸಿ, ಯಾಕೆ ಅಂತಲೂ ಅಲ್ಲೇ ಬರೆಯಿರಿ. ಇದಕ್ಕೆ ಸುಮಾ ಒಪ್ಪಲು ಎರಡು ವಾರ ಹಿಡಿಯಿತು. ರೇಚಲ್ ಹತ್ತಿರ ಹೋಗುವುದು ಸುಲಭ ಅನ್ನಿಸಿತ್ತು, ಗೆಳತಿಯರ ಗುಂಪೇ ಕಷ್ಟ.

ಕ್ಷಮೆ ಕೇಳಿದ ದಿನ ರೇಚಲ್ ಬಾಗಿಲಲ್ಲೇ ನಿಂತು ಹೇಳಿದರಂತೆ. "ಚಪ್ಪಲಿ ನೋಡಿ ನಾವೂ ನಗ್ತೀವಿ. ಅಂಗಡಿಗೆ ಹೋದಾಗೆಲ್ಲ ಯಾರಾದರೊಬ್ಬರು ಎಲ್ಲಾ ನಿಮ್ಮವೇನಾ ಅಂತ ಕೇಳ್ತಾರೆ, ಅದೂ ಅಭ್ಯಾಸ ಆಗಿದೆ. ಆ ಫ್ಯಾಕ್ಟರಿ ಅನ್ನೋ ಮಾತಿಗೆ ಮಾತ್ರ ಹ್ಯಾನಾ ಅತ್ತಳು."

ಹ್ಯಾನಾ ಜೊತೆ ಮಾತಾಡಿ, ಆದರೆ ವಿಚಾರಣೆ ಮಾಡಬೇಡಿ ಅಂದಿದ್ದೆ. ಗೇಟು ತೆರೆದ ಮೇಲೆ ಒಂದು ದಿನ ಅದೂ ಆಯಿತು. ಹುಡುಗಿ ಮುಂದಿನ ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವಿಷಯ ತೆಗೆದುಕೊಳ್ಳುತ್ತಾಳಂತೆ, ನರ್ಸಿಂಗ್ ಓದಬೇಕಂತೆ. ಮಗು ಎತ್ತಿಕೊಂಡು ಸಾಕಾಗುತ್ತಾ ಅಂದರೆ, "ಕೆಲವು ದಿನ ತುಂಬಾ" ಅಂದಳಂತೆ. ಸುಮಾ ನನಗೆ ಹೇಳಿದ್ದು ಹೀಗೆ: "ನಂಗೆ ಸಮಾಧಾನ ಆಗಬೇಕಿತ್ತು ಮೇಡಂ. ಸುಳ್ಳು ಯಾಕೆ, ಸ್ವಲ್ಪ ನಿರಾಸೆ ಆಯ್ತು." ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಪ್ರಾಮಾಣಿಕ ಮಾತು ಕೇಳಿದ್ದು ಕಡಿಮೆ.

ಕೇಲಬ್ ವಿಷಯಕ್ಕೆ ಬೇರೆ ದಾರಿ ಹಿಡಿದೆವು. ಮನೆಯಲ್ಲೇ ಓದುವ ಮಕ್ಕಳಿಗೂ ಕಲಿಕೆಯ ತೊಂದರೆ ಇದೆಯಾ ಅಂತ ಸರ್ಕಾರಿ ಶಾಲಾ ಜಿಲ್ಲೆಯವರು ಉಚಿತವಾಗಿ ಪರೀಕ್ಷಿಸುತ್ತಾರೆ. ತಂದೆತಾಯಿ ಕೇಳಬೇಕು, ಅಷ್ಟೇ. ಸುಮಾಳ ಮಗಳು ನಾಲ್ಕು ವರ್ಷವಾದರೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಆಗ ಅವರೂ ಅಲ್ಲೇ ತೋರಿಸಿದ್ದರು. "ನಿಮ್ಮ ಮಗನಿಗೆ ಓದೋಕೆ ಬರಲ್ಲ" ಅನ್ನುವ ಬದಲು ಆ ಕಥೆ ಹೇಳಿ ಅಂದೆ. ಹೇಳಿದರು. ರೇಚಲ್ ಸುಮ್ಮನೆ ಕೇಳಿಸಿಕೊಂಡು, "ಅವನ ಅಪ್ಪನೂ ತಡವಾಗಿ ಓದಿದ್ದು" ಅಂದರು. ಆ ಫಾರ್ಮು ಎಲ್ಲಿ ಸಿಗುತ್ತೆ ಅಂತಲೂ ಕೇಳಿದರು. ತುಂಬಿದರಾ ಇಲ್ಲವಾ ಇನ್ನೂ ಗೊತ್ತಾಗಿಲ್ಲ. ಮೂರು ತಿಂಗಳು ಬಿಟ್ಟು ಸುಮಾ ಇನ್ನೊಮ್ಮೆ, ಇನ್ನೂ ನೇರವಾಗಿ ಕೇಳಬೇಕು ಅಂತ ಮಾತಾಗಿದೆ.

ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಅವಳಿಗೆ ಬೇಕಿದ್ದದ್ದು ಮನೆಪಾಠ ಅಲ್ಲ, ಆಡಲು ಜನ.

ಇಡೀ ಪ್ರಕರಣದಲ್ಲಿ ಯಾವ ಸಲಹೆಯೂ ಬೇಡದೆ ಇದ್ದವರು ಅತ್ತೆ. ತುಮಕೂರಿನವರು, ಇಂಗ್ಲಿಷ್ ಬರುವುದಿಲ್ಲ. ಒಂಬತ್ತು ಅಂತ ಕೇಳಿದಾಗ "ನಮ್ಮತ್ತೆಗೆ ಹನ್ನೊಂದು" ಅಂದು ಸುಮ್ಮನಾಗಿದ್ದರಂತೆ. ಕ್ಷಮೆ ಕೇಳಲು ಹೋದ ದಿನ ಸ್ಟೀಲ್ ಡಬ್ಬದ ತುಂಬ ಕೋಡುಬಳೆ ಕಳಿಸಿದ್ದೂ ಅವರೇ. ವಾರ ಬಿಟ್ಟು ಹ್ಯಾನಾ, ಸೊಂಟದ ಮೇಲೆ ಮಗು, ಕೈಯಲ್ಲಿ ಡಬ್ಬ, ಗೇಟು ದಾಟಿ ಬಂದಳು. ಮುಚ್ಚಳ ತೆಗೆದರೆ ಒಳಗೆ ಅವರ ಮನೆ ಕೋಳಿಯ ಏಳು ಮೊಟ್ಟೆ.

"ಖಾಲಿ ಡಬ್ಬ ವಾಪಸ್ ಕೊಡಬಾರದು ಅಂತ ಗೊತ್ತಿದೆ ನೋಡೇ ಈ ಹುಡುಗಿಗೆ" ಅಂದ ಅತ್ತೆ, ಮಗುವನ್ನು ಅವಳ ಸೊಂಟದಿಂದ ಇಳಿಸಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ, "ಅದನ್ನ ಅಡುಗೆಮನೆಗೆ ತರಬೇಡ, ಗ್ಯಾರೇಜ್ ಫ್ರಿಜ್ಜಲ್ಲಿ ಇಡು" ಅಂದರು.